ಹತ್ತಂಕಿಯ ತೆರೆ, ಹತ್ತಂಕಿಯ ಸಂಖ್ಯೆ: ಒಂದು ಕ್ಯಾಲ್ಕ್ಯುಲೇಟರಿನ ವಿಮರ್ಶೆ

ಕಳೆದ ಜೂನ್ ತಿಂಗಳಲ್ಲಿ ಮಡಿಕೇರಿಯ ಕಾಲೇಜು ರಸ್ತೆಯ ಪುಸ್ತಕದ ಅಂಗಡಿಯೊಂದರಲ್ಲಿ ಸಾವಿರದ ಚಿಲ್ಲರೆ ರೂಪಾಯಿ ಕೊಟ್ಟು ನಾನೊಂದು ವೈಜ್ಞಾನಿಕ ಕ್ಯಾಲ್ಕ್ಯುಲೇಟರನ್ನು ಕೊಂಡೆ. ಸೋಮವಾರಪೇಟೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿರುವ ನಾನು ಮಳೆಗಾಲ ಪೂರ್ತಿ ಅದನ್ನು ತರಗತಿಯಲ್ಲಿಯೂ ಮನೆಯಲ್ಲಿಯೂ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಹತ್ತಂಕಿಯ ತೆರೆ ಇರುವ, ಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸುವ ಸೌಲಭ್ಯವುಳ್ಳ ಯಂತ್ರ ಬೇಕೆಂದು ಕೇಳಿದರೆ ಅಂಗಡಿಯವರು ಈ ಬಗೆಯದನ್ನೇ ತೆಗೆದು ತೋರಿಸುತ್ತಾರೆ.

ಇಂಥ ಯಂತ್ರವನ್ನು ಪರೀಕ್ಷಿಸಲು ನಾನು ಹಲವು ವರ್ಷಗಳಿಂದ ಒಂದೇ ಒಂದು ಸಂಖ್ಯೆಯನ್ನು ಇಟ್ಟುಕೊಂಡಿದ್ದೇನೆ. ಅದು 4294967297. ನಮ್ಮ ಎಣಿಕೆಯಲ್ಲಿ ಹೇಳುವುದಾದರೆ 429 ಕೋಟಿ 49 ಲಕ್ಷ 67 ಸಾವಿರದ 297. ಎರಡನ್ನು ಎರಡರಿಂದ ಗುಣಿಸುತ್ತ 2ರ 32ನೆಯ ಘಾತದವರೆಗೆ ಹೋಗಿ, ಬಂದ ಉತ್ತರಕ್ಕೆ ಒಂದನ್ನು ಕೂಡಿಸಿದರೆ ಈ ಸಂಖ್ಯೆ ದೊರೆಯುತ್ತದೆ. ಹತ್ತಂಕಿಯ ತೆರೆಯಲ್ಲಿ ಒಂದು ಅಂಕಿಯ ಜಾಗವೂ ಉಳಿಯದಂತೆ ಅದು ಕೂರುತ್ತದೆ ಎಂಬುದು ನನ್ನ ಆಯ್ಕೆಗೆ ಒಂದು ಕಾರಣ. ಅದನ್ನು ಬಿಡಿಸುವುದರಲ್ಲಿ ದೊಡ್ಡ ಗಣಿತಜ್ಞರೊಬ್ಬರು ತಪ್ಪಿದ್ದರು ಎಂಬುದು ಇನ್ನೊಂದು ಕಾರಣ.

ತಪ್ಪಿದವರು ಪಿಯರೆ ದ ಫರ್ಮಾ. ಫ್ರಾನ್ಸಿನ ಟುಲೂಸ್ ನಗರದ ನ್ಯಾಯಾಲಯದಲ್ಲಿ ಉದ್ಯೋಗದಲ್ಲಿದ್ದ ಅವರು ಗಣಿತವನ್ನು ಬಿಡುವಿನ ವೇಳೆಯಲ್ಲಿ ಮಾಡುತ್ತಿದ್ದರು. 2ರ ಘಾತಸೂಚಿಯಾಗಿ 1, 2, 4, 8, 16 ಹೀಗೆ ದ್ವಿಗುಣವಾಗುತ್ತ ಹೋಗುವ ಸಂಖ್ಯೆಗಳನ್ನು ಇಟ್ಟು, ಪ್ರತಿಯೊಂದಕ್ಕೂ ಒಂದನ್ನು ಕೂಡಿಸಿದರೆ 3, 5, 17, 257, 65537 ಎಂಬ ಸಾಲು ಬರುತ್ತದೆ, ಮತ್ತು ಈ ಐದೂ ಅವಿಭಾಜ್ಯ ಸಂಖ್ಯೆಗಳು. ಈ ಸಾಲಿನ ಎಲ್ಲ ಸಂಖ್ಯೆಗಳೂ ಅವಿಭಾಜ್ಯವೇ ಆಗಿರುತ್ತವೆಂದು 1640ರಲ್ಲಿ ಫರ್ಮಾ ತಮ್ಮ ಪತ್ರಗಳಲ್ಲಿ ಬರೆದರು. ಇದಕ್ಕೆ ಸಾಧನೆ, ಅಂದರೆ ತರ್ಕಬದ್ಧ ರುಜುವಾತು, ತಮ್ಮ ಬಳಿ ಇಲ್ಲವೆಂದು ಒಪ್ಪಿಕೊಂಡರೂ ಅವರ ನಂಬಿಕೆ ಮಾತ್ರ ಗಟ್ಟಿಯಾಗಿತ್ತು. ಸಾಲಿನ ಆರನೆಯ ಸಂಖ್ಯೆಯೇ 4294967297. ಸುಮಾರು 90 ವರ್ಷಗಳವರೆಗೆ ಅದನ್ನು ಯಾರೂ ಒಡೆಯಲಿಲ್ಲ. 1729ರ ಡಿಸೆಂಬರ್ 1ರಂದು ಗಣಿತಜ್ಞ ಗೋಲ್ಡ್‌ಬಾಕ್ ಬರೆದ ಪತ್ರವೊಂದು ಸ್ವಿಸ್ ಗಣಿತಜ್ಞ ಆಯ್ಲರ್ ಅವರ ಗಮನವನ್ನು ಈ ಪ್ರಶ್ನೆಯತ್ತ ಸೆಳೆಯಿತು. 1732ರಲ್ಲಿ, ಇಪ್ಪತ್ತೈದರ ಹರೆಯದ ಆಯ್ಲರ್ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದಾಗ, ಈ ಸಂಖ್ಯೆಯನ್ನು 641 ನಿಃಶೇಷವಾಗಿ ಭಾಗಿಸುತ್ತದೆ ಎಂದು ತೋರಿಸಿದರು.

ಯಂತ್ರದ ಮೈಕಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಾರಿಸಿ ಮುಚ್ಚುವ ಗಟ್ಟಿಯಾದ ಮುಚ್ಚಳವಿದೆ. ಕೀಲಿಗಳು ಗಟ್ಟಿ ಪ್ಲಾಸ್ಟಿಕ್ಕಿನವು. ಕೊಡಗಿನಲ್ಲಿ ಇದು ಸಣ್ಣ ವಿಷಯವಲ್ಲ, ಏಕೆಂದರೆ ನನ್ನ ಹಳೆಯ ಕ್ಯಾಲ್ಕ್ಯುಲೇಟರಿನ ರಬ್ಬರ್ ಕೀಲಿಗಳು ಎರಡೇ ಮಳೆಗಾಲಗಳಲ್ಲಿ ಅಂಟಂಟಾಗಿ, 7 ಒತ್ತಿದರೆ 77 ಬೀಳುವ ಸ್ಥಿತಿಗೆ ಬಂದಿದ್ದವು. ಹೊಸ ಯಂತ್ರಕ್ಕೆ ಬಿಸಿಲಿನ ಬೆಳಕಿನಿಂದ ನಡೆಯುವ ಫಲಕವೂ ಇದೆ, ಒಳಗೆ ಗುಂಡಿಯಾಕಾರದ ಬ್ಯಾಟರಿಯೂ ಇದೆ. ಕಕ್ಕಡ ಮಾಸದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆ ಹಿಡಿದು, ಲೈನಿನ ಮೇಲೆ ಮರ ಬಿದ್ದು, ಎರಡು ಮೂರು ದಿನ ಕರೆಂಟಿಲ್ಲದೆ ಹಗಲಿನಲ್ಲೇ ಕತ್ತಲು ಕವಿದ ತರಗತಿಯಲ್ಲಿಯೂ ತೆರೆಯ ಮೇಲಿನ ಅಂಕಿಗಳು ಮಂಕಾಗಲಿಲ್ಲ. ಶಾಲೆಯಿಂದ ಬಂದ ಮೇಲೆ ಅದನ್ನು ಅಕ್ಕಿಯ ಡಬ್ಬಿಯ ಪಕ್ಕದ ಒಣ ಜಾಗದಲ್ಲಿ ಇಡುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಇದುವರೆಗೆ ತೆರೆಯೊಳಗೆ ಬೂಷ್ಟು ಕಾಣಿಸಿಕೊಂಡಿಲ್ಲ.

ಇನ್ನು ಪರೀಕ್ಷೆಗೆ ಬರುತ್ತೇನೆ. ಎರಡರ ಘಾತ 32, ಕೂಡಿಸು ಒಂದು ಎಂದು ಒತ್ತಿ ಸಮಚಿಹ್ನೆಯನ್ನು ಒತ್ತಿದಾಗ 4294967297 ಪೂರ್ತಿಯಾಗಿ ಮೂಡಿತು. ಅಂಕಿಗಳನ್ನು ಕತ್ತರಿಸಿ ಹತ್ತರ ಘಾತದಲ್ಲಿ ಬರೆಯುವ ಅಭ್ಯಾಸ ಕೆಲವು ಅಗ್ಗದ ಯಂತ್ರಗಳಿಗಿದೆ, ಇದಕ್ಕೆ ಅದಿಲ್ಲ. ಆಮೇಲೆ ಶಿಫ್ಟ್ ಕೀಲಿಯನ್ನೂ, ಮೇಲೆ ಸಣ್ಣ ಅಕ್ಷರದಲ್ಲಿ ಫ್ಯಾಕ್ಟ್ ಎಂದು ಬರೆದಿರುವ ಕೀಲಿಯನ್ನೂ ಒತ್ತಿದೆ. ತೆರೆಯ ಮೇಲೆ ಹೀಗೆ ಬಂತು:

641×(6700417)

ಆಯ್ಲರ್ ಕಂಡ 641 ಸರಿಯಾಗಿ ಸಿಕ್ಕಿದೆ. ಎರಡನ್ನೂ ಗುಣಿಸಿ ನೋಡಿದರೆ 4294967297 ತಪ್ಪದೆ ಬರುತ್ತದೆ. ಮೊದಲ ನೋಟಕ್ಕೆ ನಾನು ಸಂತೋಷಪಟ್ಟು ಯಂತ್ರವನ್ನು ಮುಂದಿನ ಬೆಂಚಿನವರಿಗೆ ಕೊಟ್ಟೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ಸಾರ್, ಎರಡನೇ ಸಂಖ್ಯೆಗೆ ಮಾತ್ರ ಬ್ರಾಕೆಟ್ ಯಾಕೆ ಹಾಕಿದೆ?” ಎಂದು ಕೇಳಿದಳು. ನಾನು ಅದನ್ನು ಗಮನಿಸಿರಲಿಲ್ಲ. ಉತ್ತರ ಗೊತ್ತಿಲ್ಲ, ನಾಳೆ ಹೇಳುತ್ತೇನೆ ಎಂದೆ. ಈ ವಿಮರ್ಶೆಯಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಆ ಆವರಣ ಚಿಹ್ನೆಯ ಬಗ್ಗೆಯೇ.

ಉತ್ತರ ಕೈಪಿಡಿಯಲ್ಲಿದೆ, ಆದರೆ ಹುಡುಕಬೇಕು. ಮಡಚಿ ಮಡಚಿ ಅಂಗೈಯಷ್ಟಾಗುವ ತೆಳು ಕಾಗದದಲ್ಲಿ, ಭೂತಗನ್ನಡಿ ಬೇಕೆನಿಸುವ ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ ಮಾತ್ರ ಅದು ಅಚ್ಚಾಗಿದೆ. ಅದರ ಪ್ರಕಾರ ಈ ಯಂತ್ರ ಹತ್ತಂಕಿಯವರೆಗಿನ ಸಂಖ್ಯೆಯನ್ನು ತೆಗೆದುಕೊಂಡು ಮೂರು ಅಂಕಿಗಳವರೆಗಿನ ಅವಿಭಾಜ್ಯಗಳನ್ನು ಹುಡುಕಿ ಹೊರಗೆ ತೆಗೆಯುತ್ತದೆ. ಅಷ್ಟಾದ ಮೇಲೆ ಉಳಿದ ಭಾಗ 1018081ಕ್ಕಿಂತ ಕಡಿಮೆಯಿದ್ದರೆ ಅದನ್ನು ಹಾಗೆಯೇ ಬರೆಯುತ್ತದೆ. 1018081 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆವರಣದೊಳಗೆ ಇಡುತ್ತದೆ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದು ಕೈಪಿಡಿ ಹೇಳುವುದಿಲ್ಲ. ವರ್ಗಮೂಲ ತೆಗೆದರೆ ತಿಳಿಯುತ್ತದೆ: 1018081 ಎಂಬುದು 1009ರ ವರ್ಗ, ಮತ್ತು 1009 ನಾಲ್ಕಂಕಿಯ ಅವಿಭಾಜ್ಯಗಳಲ್ಲಿ ಮೊದಲನೆಯದು. 997ರವರೆಗಿನ ಎಲ್ಲ ಅವಿಭಾಜ್ಯಗಳನ್ನೂ ತೆಗೆದ ಮೇಲೆ ಉಳಿದದ್ದು ಇನ್ನೂ ಒಡೆಯುವಂತಿದ್ದರೆ ಅದಕ್ಕೆ ಕನಿಷ್ಠ ಎರಡು ಅಪವರ್ತನಗಳಿರಬೇಕು, ಎರಡೂ 1009 ಅಥವಾ ಅದಕ್ಕಿಂತ ದೊಡ್ಡವಾಗಿರಬೇಕು. ಆದ್ದರಿಂದ ಉಳಿದ ಭಾಗ 1009ರ ವರ್ಗಕ್ಕಿಂತ ಚಿಕ್ಕದಾದರೆ ಅದು ಅವಿಭಾಜ್ಯವೇ ಸರಿ. ದೊಡ್ಡದಾದರೆ ಏನೂ ಹೇಳಲಾಗದು. 6700417 ಅವಿಭಾಜ್ಯವಿರಬಹುದು, ಇನ್ನೂ ಒಡೆಯಬಹುದು. ಅದರ ಬಗ್ಗೆ ತಾನು ತೀರ್ಮಾನಿಸಿಲ್ಲ ಎಂದು ಹೇಳುವುದಕ್ಕಾಗಿ ಯಂತ್ರ ಆವರಣ ಹಾಕುತ್ತದೆ.

ಈ ನಡವಳಿಕೆ ನಿಜವೇ ಎಂದು ಪರೀಕ್ಷಿಸಲು ಅಕ್ಕಪಕ್ಕದ ಸಂಖ್ಯೆಗಳೇ ಸಾಕು. ಒಂದನ್ನು ಕಳೆದು 4294967296 ಕೊಟ್ಟರೆ 2ರ 32ನೆಯ ಘಾತ ಎಂದು ತೋರಿಸುತ್ತದೆ. ಎರಡನ್ನು ಕಳೆದು 4294967295 ಕೊಟ್ಟಾಗ ತೆರೆಯ ಮೇಲೆ 3×5×17×257×65537 ಎಂದು ಬಂತು, ಆವರಣವಿಲ್ಲದೆ. 65537 ಐದಂಕಿಯ ಸಂಖ್ಯೆಯಾದರೂ ಆ ಗಡಿಯೊಳಗೇ ಇರುವುದರಿಂದ ಯಂತ್ರ ಅದನ್ನು ಧೈರ್ಯದಿಂದ ಬಯಲಿಗೆ ಬರೆಯುತ್ತದೆ. ಈ ಐದು ಸಂಖ್ಯೆಗಳನ್ನು ಓದುಗರು ಆಗಲೇ ನೋಡಿದ್ದಾರೆ: ಫರ್ಮಾ ಅವರ ಸಾಲಿನ ಮೊದಲ ಐದು ಅವೇ. ಅವುಗಳ ಗುಣಲಬ್ಧಕ್ಕೆ ಎರಡನ್ನು ಕೂಡಿಸಿದರೆ ಆರನೆಯದು ಸಿಗುತ್ತದೆ. ಹೀಗಾಗಿ 4294967297ನ್ನು ಈ ಐದರಲ್ಲಿ ಯಾವುದರಿಂದ ಭಾಗಿಸಿದರೂ ಶೇಷ 2. ಯಂತ್ರದಲ್ಲಿ 257ರಿಂದ ಭಾಗಿಸಿ ನೋಡಿದೆ, 16711935.01 ಎಂದು ಬಂತು. ದಶಮಾಂಶದ ಆಚೆಗಿನ ಆ 01 ಎಂದರೆ 257ರಲ್ಲಿ ಎರಡು ಭಾಗ, ದುಂಡು ಮಾಡಿ ಬರೆದದ್ದು. 65537ರಿಂದ ಭಾಗಿಸಿದರೆ 65535.00003. ಮಕ್ಕಳಿಗೆ ಈ ಪುಟ್ಟ ಬಾಲಗಳು ಬಹಳ ಇಷ್ಟವಾದವು. ಐದು ಸೊನ್ನೆಗಳ ಸಮೀಪ ಬಂದರೂ ನಿಃಶೇಷವಲ್ಲ ಎಂಬುದು ಅವರ ಕಣ್ಣಿಗೇ ಕಂಡಿತು.

ಇದೇ 4294967295ಕ್ಕೆ ರೇಖಾಗಣಿತದಲ್ಲಿಯೂ ಒಂದು ಸ್ಥಾನವಿದೆ. ಅಳತೆಯ ಗುರುತಿಲ್ಲದ ಪಟ್ಟಿ ಮತ್ತು ಕೈವಾರ ಇವೆರಡರಿಂದಲೇ ಹದಿನೇಳು ಬಾಹುಗಳ ನಿಯಮಿತ ಬಹುಭುಜವನ್ನು ರಚಿಸಬಹುದೆಂದು 1796ರಲ್ಲಿ ಜರ್ಮನ್ ಗಣಿತಜ್ಞ ಗೌಸ್ ಕಂಡುಹಿಡಿದರು. ಬಾಹುಗಳ ಸಂಖ್ಯೆ ಬೆಸವಾಗಿದ್ದಾಗ ಅದು ಫರ್ಮಾ ಸಾಲಿನ ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕು. ಹಾಗಿಲ್ಲದಿದ್ದರೆ ರಚನೆ ಆಗದೆಂಬುದನ್ನು 1837ರಲ್ಲಿ ಫ್ರೆಂಚ್ ಗಣಿತಜ್ಞ ವಾಂಟ್ಸೆಲ್ ಸಾಧಿಸಿದರು. ಈವರೆಗೆ ಗೊತ್ತಿರುವ ಫರ್ಮಾ ಅವಿಭಾಜ್ಯಗಳು ಆ ಐದೇ ಆಗಿರುವುದರಿಂದ, ರಚಿಸಬಹುದೆಂದು ನಮಗೆ ತಿಳಿದಿರುವ ಅತಿ ಹೆಚ್ಚು ಬೆಸ ಬಾಹುಗಳ ಬಹುಭುಜ 4294967295 ಬಾಹುಗಳದು. ನಮ್ಮ ಸಂಖ್ಯೆ ಅವಿಭಾಜ್ಯವಾಗಿದ್ದರೆ ಆ ಗಡಿ ಅಲ್ಲಿಗೆ ನಿಲ್ಲುತ್ತಿರಲಿಲ್ಲ.

ಮರುದಿನ ತರಗತಿಯಲ್ಲಿ ಆವರಣದ ಅರ್ಥವನ್ನು ವಿವರಿಸಿದಾಗ ಅದೇ ಹುಡುಗಿ, ಹಾಗಾದರೆ ನಾವೇ ಪರೀಕ್ಷಿಸಿ ಆವರಣವನ್ನು ತೆಗೆಯಬಹುದಲ್ಲವೇ ಎಂದಳು. ತೆಗೆಯಬಹುದು. 6700417ರ ವರ್ಗಮೂಲ 2588ಕ್ಕಿಂತ ಸ್ವಲ್ಪ ಹೆಚ್ಚು. ಆದ್ದರಿಂದ 2588ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. ಆದರೆ ಅವು ಮುನ್ನೂರಕ್ಕೂ ಹೆಚ್ಚಿವೆ, ಒಂದು ಅವಧಿಯ ಕೆಲಸವಲ್ಲ. ಇಲ್ಲಿ ಆಯ್ಲರ್ ಅವರ ನಿಯಮ ನೆರವಿಗೆ ಬರುತ್ತದೆ. ನಮ್ಮ ಸಂಖ್ಯೆಯನ್ನು ಭಾಗಿಸುವ ಯಾವುದೇ ಅವಿಭಾಜ್ಯವನ್ನು ತೆಗೆದುಕೊಳ್ಳಿ. ಅದರಿಂದ ಭಾಗಿಸಿದಾಗ 2ರ 32ನೆಯ ಘಾತಕ್ಕೆ ಒಂದು ಕೂಡಿಸಿದರೆ ಶೇಷ ಸೊನ್ನೆ, ಅಂದರೆ 2ರ 32ನೆಯ ಘಾತ ಆ ಅವಿಭಾಜ್ಯದ ಅಪವರ್ತ್ಯಕ್ಕಿಂತ ಒಂದು ಕಡಿಮೆ ಇರುತ್ತದೆ. ಅದನ್ನು ವರ್ಗ ಮಾಡಿದಾಗ, ಎಂದರೆ 64ನೆಯ ಘಾತದಲ್ಲಿ, ಶೇಷ 1 ಆಗುತ್ತದೆ. 2ರ ಘಾತಗಳ ಶೇಷಗಳು ಹೀಗೆ ಪೂರ್ತಿ 64 ಹೆಜ್ಜೆಗಳಿಗೊಮ್ಮೆ ಮರುಕಳಿಸುತ್ತವೆ. ಈ ಸುತ್ತಿನ ಉದ್ದವು, ಅವಿಭಾಜ್ಯದಿಂದ ಒಂದನ್ನು ಕಳೆದ ಸಂಖ್ಯೆಯನ್ನು ಭಾಗಿಸಲೇಬೇಕು ಎಂಬುದು ಸ್ವತಃ ಫರ್ಮಾ 1640ರಲ್ಲಿಯೇ ತಿಳಿಸಿದ ಪ್ರಮೇಯದಿಂದ ಬರುತ್ತದೆ. ಹಾಗಾಗಿ ಅಂಥ ಅವಿಭಾಜ್ಯ 64ರ ಅಪವರ್ತ್ಯಕ್ಕಿಂತ ಒಂದು ಹೆಚ್ಚು ಇರಬೇಕು. ಫರ್ಮಾ ತಮ್ಮದೇ ಪ್ರಮೇಯವನ್ನು ತಮ್ಮದೇ ಸಂಖ್ಯೆಗೆ ಹೂಡಿದ್ದರೆ 193, 257, 449, 577 ಎಂಬ ನಾಲ್ಕನ್ನು ದಾಟಿ ಐದನೆಯ ಪ್ರಯತ್ನದಲ್ಲೇ 641ಕ್ಕೆ ತಲುಪುತ್ತಿದ್ದರು. ಇದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ.

1878ರಲ್ಲಿ ಫ್ರೆಂಚ್ ಗಣಿತಜ್ಞ ಲ್ಯೂಕಾ ಈ ನಿಯಮವನ್ನು ಇನ್ನಷ್ಟು ಬಿಗಿಗೊಳಿಸಿ 64ರ ಬದಲು 128 ಎಂದು ತೋರಿಸಿದರು. 6700417ರ ಯಾವುದೇ ಅಪವರ್ತನ ಮೂಲ ಸಂಖ್ಯೆಯದೂ ಹೌದಾದ್ದರಿಂದ ಅದಕ್ಕೂ ಇದೇ ನಿಯಮ ಅನ್ವಯಿಸುತ್ತದೆ. 128ರ ಅಪವರ್ತ್ಯಗಳಿಗೆ ಒಂದು ಕೂಡಿಸುತ್ತ 2588ರವರೆಗೆ ಹೋದರೆ 129ರಿಂದ 2561ರವರೆಗೆ ಇಪ್ಪತ್ತು ಸಂಖ್ಯೆಗಳು ಸಿಗುತ್ತವೆ. ಅವುಗಳಲ್ಲಿ ಅವಿಭಾಜ್ಯವಾದವು 257, 641, 769, 1153, 1409 ಈ ಐದು ಮಾತ್ರ. ಹೊರಗೆ ಹೆಂಚಿನ ಮೇಲೆ ಮಳೆ ಸುರಿಯುತ್ತಿದ್ದು ನನ್ನ ಧ್ವನಿ ಹಿಂದಿನ ಬೆಂಚಿಗೆ ಕೇಳುತ್ತಿರಲಿಲ್ಲವಾದ್ದರಿಂದ ಎಲ್ಲವನ್ನೂ ಹಲಗೆಯ ಮೇಲೆ ಬರೆದೇ ನಡೆಸಬೇಕಾಯಿತು. ಹುಡುಗಿ 6700417ನ್ನು 257ರಿಂದ ಭಾಗಿಸಿದಳು: 26071.66148. ಪೂರ್ಣಾಂಕ ಭಾಗವನ್ನು ಕಳೆದು ಉಳಿದದ್ದನ್ನು 257ರಿಂದ ಗುಣಿಸಿದಾಗ ಶೇಷ 170 ಬಂತು. 641ಕ್ಕೆ ಶೇಷ 44, 769ಕ್ಕೆ 120, 1153ಕ್ಕೆ 334, 1409ಕ್ಕೆ 622. ಐದರಲ್ಲಿ ಒಂದೂ ಸೊನ್ನೆಯಲ್ಲ. 6700417 ಅವಿಭಾಜ್ಯ ಎಂದು ಸಾಧಿಸಿದಂತಾಯಿತು. ಅವಳು ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದ ಆವರಣವನ್ನು ರಬ್ಬರಿನಿಂದ ಅಳಿಸಿದಳು.

ಹತ್ತನೆಯ ತರಗತಿಯ ಪಠ್ಯದಲ್ಲಿ ಅಂಕಗಣಿತದ ಮೂಲಭೂತ ಪ್ರಮೇಯವಿದೆ: ಒಂದಕ್ಕಿಂತ ದೊಡ್ಡದಾದ ಪ್ರತಿ ಪೂರ್ಣ ಸಂಖ್ಯೆಯನ್ನೂ ಅವಿಭಾಜ್ಯಗಳ ಗುಣಲಬ್ಧವಾಗಿ ಒಂದೇ ರೀತಿಯಲ್ಲಿ ಬರೆಯಬಹುದು. ಅದನ್ನು ಕಲಿಸುವಾಗ ನಾವು 140, 156, 3825ರಂಥ ಸಂಖ್ಯೆಗಳನ್ನು ಕೊಡುತ್ತೇವೆ. ಎಲ್ಲವೂ ಒಂದು ನಿಮಿಷದಲ್ಲಿ ಒಡೆಯುತ್ತವೆ. ಒಡೆಯಲಿಲ್ಲ ಎಂಬುದಕ್ಕೂ ಒಡೆಯುವುದಿಲ್ಲ ಎಂಬುದಕ್ಕೂ ನಡುವೆ ಇರುವ ಅಂತರ ಅವುಗಳಲ್ಲಿ ಕಾಣುವುದೇ ಇಲ್ಲ. ಈ ಯಂತ್ರ ಆ ಅಂತರವನ್ನು ಎರಡು ಸಣ್ಣ ಗೆರೆಗಳಲ್ಲಿ ತೋರಿಸುತ್ತದೆ. ಮೊಬೈಲಿನಲ್ಲಿ ಇದಕ್ಕಿಂತ ಬಲವಾದ ಆ್ಯಪ್‌ಗಳಿವೆ, ಅವು 641 ಮತ್ತು 6700417 ಎರಡನ್ನೂ ಆವರಣವಿಲ್ಲದೆ ಕ್ಷಣದಲ್ಲಿ ಕೊಡುತ್ತವೆ ಎಂಬುದು ನನಗೆ ಗೊತ್ತು. ಕಲಿಯುವ ಮಗುವಿಗೆ ನಾನು ಈ ದುರ್ಬಲ ಯಂತ್ರವನ್ನೇ ಕೊಡುತ್ತೇನೆ, ಏಕೆಂದರೆ ಅದು ನಿಂತ ಜಾಗದಿಂದ ಮುಂದಿನ ಐದು ಹೆಜ್ಜೆಗಳನ್ನು ಮಗು ತಾನೇ ಇಡಬಹುದು.

641 ಏಕೆ ಭಾಗಿಸುತ್ತದೆ ಎಂಬುದಕ್ಕೆ ಯಂತ್ರದ ಅಗತ್ಯವಿಲ್ಲದ ಒಂದು ಸಾಧನೆಯಿದೆ. ಅದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗದು. 641ನ್ನು ಎರಡು ರೀತಿಯಲ್ಲಿ ಬರೆಯಬಹುದು: 640ಕ್ಕೆ ಒಂದು ಕೂಡಿಸಿ, ಅಂದರೆ 5×128+1, ಅಥವಾ 625ಕ್ಕೆ 16 ಕೂಡಿಸಿ, ಅಂದರೆ 5ರ ನಾಲ್ಕನೆಯ ಘಾತಕ್ಕೆ 2ರ ನಾಲ್ಕನೆಯ ಘಾತವನ್ನು ಕೂಡಿಸಿ. ಮೊದಲನೆಯದರ ಪ್ರಕಾರ, 641ರಿಂದ ಭಾಗಿಸುವ ಲೆಕ್ಕದಲ್ಲಿ, ಅಂದರೆ ಶೇಷವನ್ನಷ್ಟೇ ಗಮನಿಸಿದರೆ, 5×128 ಎಂಬುದು ಋಣ ಒಂದಕ್ಕೆ ಸಮ. ಅದರ ನಾಲ್ಕನೆಯ ಘಾತ ತೆಗೆದರೆ, 5ರ ನಾಲ್ಕನೆಯ ಘಾತವನ್ನು 2ರ 28ನೆಯ ಘಾತದಿಂದ ಗುಣಿಸಿದ್ದು ಒಂದಕ್ಕೆ ಸಮ. ಎರಡನೆಯದರ ಪ್ರಕಾರ 5ರ ನಾಲ್ಕನೆಯ ಘಾತ ಎಂದರೆ ಋಣ 16, ಅಂದರೆ 2ರ ನಾಲ್ಕನೆಯ ಘಾತದ ಋಣ. ಅದನ್ನು ಅದರ ಜಾಗದಲ್ಲಿ ಇಟ್ಟರೆ 28ಕ್ಕೆ 4 ಸೇರಿ 32 ಆಗುತ್ತದೆ, ಮತ್ತು 2ರ 32ನೆಯ ಘಾತ ಋಣ ಒಂದಕ್ಕೆ ಸಮವೆಂದು ತಿಳಿಯುತ್ತದೆ. ಒಂದು ಕೂಡಿಸಿದರೆ ಸೊನ್ನೆ. ಭಾಗಾಕಾರವನ್ನೇ ಮಾಡದೆ ಭಾಗವಾಗುತ್ತದೆಂದು ತಿಳಿಯುವ ಈ ನಾಲ್ಕು ಸಾಲುಗಳನ್ನು ನಾನು ಪ್ರತಿ ವರ್ಷ ಹಲಗೆಯ ಮೇಲೆ ಬರೆಯುತ್ತೇನೆ.

ಯಂತ್ರ ಚೆನ್ನಾಗಿ ನಿಭಾಯಿಸಿದ ಇನ್ನೊಂದು ಪರೀಕ್ಷೆ ವರ್ಗಗಳದು. 4294967297 ಎಂಬುದು 65536ರ ವರ್ಗಕ್ಕೆ ಒಂದರ ವರ್ಗವನ್ನು ಕೂಡಿಸಿದ್ದು. ಇದು ನೋಡಿದೊಡನೆ ತಿಳಿಯುತ್ತದೆ. ಆದರೆ ಅದು 62264ರ ವರ್ಗಕ್ಕೆ 20449ರ ವರ್ಗವನ್ನು ಕೂಡಿಸಿದ್ದೂ ಹೌದು. ಒತ್ತಿ ನೋಡಿದೆ, ಕೊನೆಯ 7ರವರೆಗೂ ಅಂಕಿಗಳು ತಪ್ಪಿಲ್ಲ. ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವಾದರೆ ಅದು ಒಂದೇ ರೀತಿಯಲ್ಲಿ ಸಾಧ್ಯ. ಇಲ್ಲಿ ಎರಡು ರೀತಿಗಳಿರುವುದರಿಂದ, ಅಪವರ್ತನ ಯಾವುದೆಂದು ತಿಳಿಯದಿದ್ದರೂ ಈ ಸಂಖ್ಯೆ ಅವಿಭಾಜ್ಯವಲ್ಲವೆಂದು ಹೇಳಿಬಿಡಬಹುದು. ಅದರ ಎರಡು ಅಪವರ್ತನಗಳೂ ಇದೇ ಗುಣದವು: 641 ಎಂದರೆ 25 ಮತ್ತು 4ರ ವರ್ಗಗಳ ಮೊತ್ತ, 6700417 ಎಂದರೆ 2556 ಮತ್ತು 409ರ ವರ್ಗಗಳ ಮೊತ್ತ.

ಸೋತ ಕಡೆಗಳೂ ಇವೆ. ದ್ವಿಮಾನ ಪದ್ಧತಿಯ ಲೆಕ್ಕಕ್ಕೆಂದು ಇರುವ ಬೇಸ್ ವಿಧಾನದಲ್ಲಿ ಈ ಸಂಖ್ಯೆಯನ್ನು ಕೊಟ್ಟರೆ ಯಂತ್ರ ದೋಷವೆಂದು ಹೇಳಿ ನಿಂತುಬಿಡುತ್ತದೆ. ಆ ವಿಧಾನದಲ್ಲಿ ಅದು 32 ದ್ವಿಮಾನ ಅಂಕಿಗಳಲ್ಲಿ ಋಣ ಧನ ಎರಡನ್ನೂ ಇಡಬೇಕಾದ್ದರಿಂದ ಧನ ಸಂಖ್ಯೆಗಳ ಮಿತಿ 2147483647. ನಮ್ಮ ಸಂಖ್ಯೆಯ ದ್ವಿಮಾನ ರೂಪ ಇಡೀ ಸಾಲಿನಲ್ಲೇ ಚೆಂದವಾದದ್ದು: ಎರಡು ತುದಿಗಳಲ್ಲಿ ಒಂದೊಂದು 1, ನಡುವೆ 31 ಸೊನ್ನೆಗಳು, ಒಟ್ಟು 33 ಸ್ಥಾನ. 32 ಸ್ಥಾನಗಳ ಕಂಪ್ಯೂಟರ್ ಲೆಕ್ಕದಲ್ಲಿ ಇದರ ಮೇಲಿನ 1 ಹೊರಗೆ ಚೆಲ್ಲಿ ಬರೀ 1 ಉಳಿಯುತ್ತದೆ. ಇದನ್ನು ತೆರೆಯ ಮೇಲೆ ತೋರಿಸಬೇಕೆಂಬ ನನ್ನ ಆಸೆ ಈಡೇರಲಿಲ್ಲ. ಹಾಗೆಯೇ ಯಂತ್ರ ಒಳಗೆ 15 ಅಂಕಿಗಳನ್ನಷ್ಟೇ ನೆನಪಿಟ್ಟುಕೊಳ್ಳುವುದರಿಂದ 2ರ 64ನೆಯ ಘಾತಕ್ಕೆ ಒಂದು ಕೂಡಿಸಿ, ಆಮೇಲೆ 2ರ 64ನೆಯ ಘಾತವನ್ನೇ ಕಳೆದರೆ ಒಂದರ ಬದಲು ಸೊನ್ನೆ ಬರುತ್ತದೆ. ಇಲ್ಲಿ ಅದು ಯಾವ ಆವರಣವನ್ನೂ ಹಾಕುವುದಿಲ್ಲ, ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಅಪವರ್ತನದಲ್ಲಿ ತೋರಿದ ಪ್ರಾಮಾಣಿಕತೆಯನ್ನು ಕೂಡುವ ಕಳೆಯುವ ಲೆಕ್ಕದಲ್ಲಿ ತೋರದಿರುವುದು ನನ್ನ ದೃಷ್ಟಿಯಲ್ಲಿ ಈ ಯಂತ್ರದ ದೊಡ್ಡ ಕೊರತೆ. ಕನ್ನಡದ ಕೈಪಿಡಿ ಇಲ್ಲದಿರುವುದು ಎರಡನೆಯ ಕೊರತೆ. ಅಪವರ್ತನದ ಕೀಲಿಯ ಹೆಸರು ಶಿಫ್ಟ್‌ನ ಹಿಂದೆ ಅಡಗಿರುವುದರಿಂದ, ಹೇಳಿಕೊಡುವವರಿಲ್ಲದಿದ್ದರೆ ಮಕ್ಕಳು ವರ್ಷಗಟ್ಟಲೆ ಬಳಸಿಯೂ ಅದನ್ನು ಒತ್ತದೇ ಇರಬಹುದು.

ಕಾಫಿ ವ್ಯಾಪಾರಕ್ಕೆ, ಚೀಲ ಮತ್ತು ಔಟ್‌ಟರ್ನ್ ಲೆಕ್ಕಕ್ಕೆ, ಅಂದರೆ ಚೀಲವೊಂದರಿಂದ ಎಷ್ಟು ಕಾಫಿ ಬೀಜ ಸಿಗುತ್ತದೆಂಬ ಲೆಕ್ಕಕ್ಕೆ, ಇದನ್ನು ಕೊಳ್ಳುವ ಅಗತ್ಯವಿಲ್ಲ. ಆ ಕೆಲಸಕ್ಕೆ ಮೇಜಿನ ಮೇಲಿಡುವ ಹನ್ನೆರಡಂಕಿಯ ದೊಡ್ಡ ಕೀಲಿಗಳ ಕ್ಯಾಲ್ಕ್ಯುಲೇಟರೇ ಅನುಕೂಲ, ಬೆಲೆಯೂ ಕಡಿಮೆ. ಮನೆಯಲ್ಲಿ ಎಂಟನೆಯ ತರಗತಿ ದಾಟಿದ, ಸಂಖ್ಯೆಗಳ ಮೇಲೆ ಪ್ರೀತಿಯಿರುವ ಮಗುವಿದ್ದರೆ ಕೊಳ್ಳಿರಿ ಎಂದು ಒತ್ತಿ ಹೇಳುತ್ತೇನೆ. ಅಂಗಡಿಯಲ್ಲಿಯೇ 4294967297 ಒತ್ತಿ, ಆವರಣ ಬರುತ್ತದೆಯೇ ಎಂದು ನೋಡಿ ತೆಗೆದುಕೊಳ್ಳಿರಿ. ಅಪವರ್ತನದ ಸೌಲಭ್ಯವೇ ಇಲ್ಲದ ಮಾದರಿಗಳೂ ಹೆಚ್ಚುಕಡಿಮೆ ಇದೇ ರೂಪದಲ್ಲಿ, ಇದೇ ಗಾಜಿನ ಕಪಾಟಿನಲ್ಲಿ ಇರುತ್ತವೆ.

ಅಕ್ಟೋಬರ್ ತಿಂಗಳ ರಜೆ ಮುಗಿದು ಶಾಲೆ ತೆರೆದಾಗ ಆ ಹುಡುಗಿ ಸಾಲಿನ ಏಳನೆಯ ಸಂಖ್ಯೆಯ ಬಗ್ಗೆ ಕೇಳಿಕೊಂಡು ಬಂದಳು. 2ರ 64ನೆಯ ಘಾತಕ್ಕೆ ಒಂದು ಕೂಡಿಸಿದ ಆ ಸಂಖ್ಯೆ 18446744073709551617. ಇಪ್ಪತ್ತಂಕಿಯ ಇದನ್ನು ನಮ್ಮ ಯಂತ್ರ ಬರೆಯಲಾರದು, ಅಪವರ್ತನದ ಕೀಲಿ ಒತ್ತಿದರೆ ದೋಷ ಸೂಚನೆ ಬರುತ್ತದೆ. 1880ರಲ್ಲಿ ಲಾಂಡ್ರಿ ಎಂಬ ಫ್ರೆಂಚ್ ಗಣಿತಜ್ಞರು 274177 ಇದನ್ನು ಭಾಗಿಸುತ್ತದೆಂದು ಕಂಡುಹಿಡಿದರು ಎಂದು ಹೇಳಿ, ಇದನ್ನು ಇದೇ ಯಂತ್ರದಲ್ಲಿ ಪರೀಕ್ಷಿಸುವ ದಾರಿಯಿದೆಯೇ ಎಂದು ಕೇಳಿದೆ. ದಾರಿಯನ್ನು ನಾವಿಬ್ಬರೂ ಸೇರಿ ಹುಡುಕಿದೆವು. 2ರ 32ನೆಯ ಘಾತ ಯಂತ್ರದೊಳಗೆ ಹಿಡಿಯುತ್ತದೆ, ಅದರ ವರ್ಗವೇ 64ನೆಯ ಘಾತ. 4294967296ನ್ನು 274177ರಿಂದ ಭಾಗಿಸಿದಾಗ 15664.94 ಎಂದು ಆರಂಭವಾಗುವ ಉತ್ತರ ಬಂತು. ಮೇಲಿನ ಪೂರ್ಣಾಂಕ 15665ರಿಂದ 274177ನ್ನು ಗುಣಿಸಿ ನೋಡಿದರೆ 4294982705. 2ರ 32ನೆಯ ಘಾತ ಅದಕ್ಕಿಂತ 15409 ಕಡಿಮೆ. ಹಾಗಾದರೆ 64ನೆಯ ಘಾತದ ಶೇಷವೂ 15409ರ ವರ್ಗದ ಶೇಷವೂ ಒಂದೇ. ಅವಳು 15409ರ ವರ್ಗ ತೆಗೆದು ಒಂದು ಕೂಡಿಸಿದಳು, 237437282 ಬಂತು. ಅದನ್ನು 274177ರಿಂದ ಭಾಗಿಸಿ ಸಮಚಿಹ್ನೆ ಒತ್ತಿದಳು. ತೆರೆಯ ಮೇಲೆ 866 ಎಂದಷ್ಟೇ ಮೂಡಿತು. ದಶಮಾಂಶ ಬಿಂದು ಇರಲಿಲ್ಲ.